ಗ್ರೇ ಕಾರ್ಡ್, ಎಕ್ಸ್‌ಪೋಡಿಸ್ಕ್, ಕಲರ್‌ಚೆಕರ್, ಬಿಳಿ ಹಾಳೆ: ಇಳಕಲ್ ಸೀರೆಯ ಬಣ್ಣ ಯಾವುದಕ್ಕೆ ಸಿಕ್ಕಿತು?

ಹೋದ ದೀಪಾವಳಿಗೆ ಮುಂಚೆ ನಮ್ಮ ವೈನಿ, ಅಂದರೆ ಅತ್ತಿಗೆ, ಫೋಟೋ ತೋರಿಸಿ ಮಾರಿ ಕಳಿಸಿದ್ದ ಒಂದು ಇಳಕಲ್ ಸೀರೆ ವಾಪಸ್ ಬಂತು. ಕೊಂಡವರ ತಕರಾರು ಒಂದೇ ಸಾಲು: ಫೋಟೋದಲ್ಲಿ ಬದನೆಕಾಯಿ ಬಣ್ಣ, ಬಂದಿದ್ದು ಈರುಳ್ಳಿ ಸಿಪ್ಪೆ ಬಣ್ಣ. ಫೋಟೋ ತೆಗೆದವನು ನಾನು. "ನೋಡಪಾ, ಫೋಟೋದಾಗ ಒಂದ್ ಬಣ್ಣ, ಕೈಯಾಗ ಇನ್ನೊಂದ್ ಬಣ್ಣ. ಮಂದಿ ಬೈಯೋದು ನನಗ, ನಿನಗಲ್ಲ" ಅಂತ ವೈನಿ ಸೀರೆ ಮಡಚಿ ಟ್ರಂಕಿನಲ್ಲಿಟ್ಟರು. ಮದುವೆ ಫೋಟೋದಲ್ಲಿ ಎಲ್ಲರೂ ಒಂಚೂರು ಹಳದಿಯಾಗಿ ಕಂಡರೂ ಯಾರೂ ಕೇಳಲ್ಲ. ಸೀರೆ ವ್ಯಾಪಾರದಲ್ಲಿ ಕೇಳ್ತಾರೆ.

ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೋದ ಬಣ್ಣ ತಿದ್ದೋದಕ್ಕೆ ವೈಟ್ ಬ್ಯಾಲೆನ್ಸ್ ಅಂತಾರೆ. ಅಲ್ಲಿವರೆಗೂ ನಾನು ಹೆಚ್ಚಾಗಿ ಅದನ್ನು ಕ್ಯಾಮೆರಾಗೇ, ಅಂದರೆ ಆಟೋಗೇ ಬಿಟ್ಟಿದ್ದೆ. ಸೀರೆಗೆ ಅದು ಯಾಕೆ ಆಗಲ್ಲ ಅನ್ನೋದು ಒಮ್ಮೆ ಯೋಚನೆ ಮಾಡಿದರೆ ಗೊತ್ತಾಗುತ್ತೆ. ಫ್ರೇಮ್ ತುಂಬ ಕೆಂಪು ಸೀರೆ ಇದ್ದರೆ, ಬೆಳಕೇ ಕೆಂಪಗಿದೆಯೇನೋ ಅಂದುಕೊಂಡು ಕ್ಯಾಮೆರಾ ಆ ಕೆಂಪನ್ನೇ ಕಡಿಮೆ ಮಾಡುತ್ತೆ. ಮುಂದಿನದು ಗಿಣಿ ಹಸಿರು ಸೀರೆ, ಈಗ ಹಸಿರನ್ನು ಕಡಿಮೆ ಮಾಡುತ್ತೆ. ಅದೇ ಕಿಟಕಿ, ಐದು ನಿಮಿಷದ ಅಂತರ, ಎರಡು ಲೆಕ್ಕ. ಕ್ಯಾಮೆರಾದ ತಪ್ಪಲ್ಲ ಬಿಡಿ. ಬೆಳಕಿನ ಬಣ್ಣ ಯಾವುದು, ಬಟ್ಟೆಯ ಬಣ್ಣ ಯಾವುದು ಅಂತ ಅದಕ್ಕೆ ಹೇಳೋರು ಬೇಕು.

ಹೇಳೋಕೆ ಏನೇನು ಸಿಗುತ್ತೋ ಅಷ್ಟನ್ನೂ ಒಂದು ಭಾನುವಾರ ಕೂಡಿಹಾಕಿದೆ. ಮನೆಯಲ್ಲಿದ್ದ ಎ4 ಹಾಳೆ, ಅಪ್ಪನ ಬಿಳಿ ಧೋತರ, ಐಸ್‌ಕ್ರೀಮ್ ಡಬ್ಬದ ಮುಚ್ಚಳ. ಆನ್‌ಲೈನ್‌ನಲ್ಲಿ ತರಿಸಿದ್ದ ಕಪ್ಪು-ಬೂದು-ಬಿಳಿ ಮೂರು ಕಾರ್ಡಿನ ಅಗ್ಗದ ಸೆಟ್ (ಬೂದು ಇರೋದೇ ಗ್ರೇ ಕಾರ್ಡ್). ಇನ್ನೊಬ್ಬ ಫೋಟೋಗ್ರಾಫರ್ ಗೆಳೆಯನಿಂದ ಎರವಲು ತಂದ ಎಕ್ಸ್‌ಪೋಡಿಸ್ಕ್ (ಲೆನ್ಸಿಗೆ ಹಾಕೋ ಬಿಲ್ಲೆ) ಮತ್ತು ಕಲರ್‌ಚೆಕರ್ ಪಾಸ್‌ಪೋರ್ಟ್ (ಬಣ್ಣದ ಚೌಕಗಳ ಪುಟ್ಟ ಚಾರ್ಟ್). ಬೆಳಿಗ್ಗೆ 10 ಗಂಟೆ, ಮೋಡ ಕವಿದ ಬೆಳಕು, ಉತ್ತರದ ಕಿಟಕಿ. ಎಲ್ಲವನ್ನೂ ಸೀರೆಯ ಮೇಲೇ ಇಟ್ಟು ರಾ ಫೈಲ್ ತೆಗೆದೆ, ಅಂದರೆ ಬಣ್ಣ ಆಮೇಲೆ ತಿದ್ದೋಕೆ ಬರೋ ಮೂಲ ಫೈಲ್. ಆಮೇಲೆ ಫೋಟೋ ತಿದ್ದೋ ಲೈಟ್‌ರೂಮ್ ತಂತ್ರಾಂಶದಲ್ಲಿ, ಇದಕ್ಕೆ ಬಣ್ಣವಿಲ್ಲ ಅಂತ ತೋರಿಸೋ ಐಡ್ರಾಪರ್‌ನಿಂದ ಒಂದೊಂದರ ಮೇಲೂ ಕ್ಲಿಕ್ ಮಾಡಿ ಬಂದ ಅಂಕಿ ಬರೆದಿಟ್ಟೆ.

ಪಾಸ್‌ಪೋರ್ಟ್‌ನಲ್ಲಿ ವೈಟ್ ಬ್ಯಾಲೆನ್ಸ್‌ಗೆ ಅಂತಲೇ ಇಡೀ ಒಂದು ಪುಟ ಇದೆ. ಅದು 5,900 ಕೆಲ್ವಿನ್ ತೋರಿಸಿತು. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ; ಅಂಕಿ ಏರಿದಷ್ಟೂ ಬೆಳಕು ನೀಲಿ ಅಂದುಕೊಂಡು ಲೈಟ್‌ರೂಮ್ ಫೋಟೋಗೆ ಹಳದಿ ಸೇರಿಸುತ್ತೆ. ಅದನ್ನೇ ಅಳತೆಗೋಲು ಅಂತ ಇಟ್ಟುಕೊಂಡೆ. ಎ4 ಹಾಳೆ 6,500. ಧೋತರ 6,900! ಅಂದರೆ ಹಾಳೆ, ಧೋತರ ನಂಬಿದರೆ ಫೋಟೋ ಹಳದಿಗೆ ತಿರುಗುತ್ತೆ. ಕಾರಣ ಗೊತ್ತಾ? ಕಚೇರಿ ಹಾಳೆ ಬೆಳ್ಳಗೆ ಹೊಳೆಯಲಿ ಅಂತ ಅದಕ್ಕೊಂದು ರಾಸಾಯನಿಕ ಸೇರಿಸಿರುತ್ತಾರೆ. ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಇರುತ್ತಲ್ಲ, ಅದನ್ನು ಹೀರಿಕೊಂಡು ಅದು ನೀಲಿ ಬೆಳಕು ಬಿಡುತ್ತೆ. ಬಟ್ಟೆ ಒಗೆಯೋ ಪುಡಿಯಲ್ಲೂ ಅದೇ ಕೆಲಸದ ವಸ್ತು ಇರುತ್ತೆ, ಧೋತರಕ್ಕೆ ಅಮ್ಮ ಹಾಕೋ ನೀಲಿ ಬೇರೆ. ನಮ್ಮ ಕಣ್ಣಿಗೆ ಅದು ಬಿಳಿಗಿಂತ ಬಿಳಿ. ಕ್ಯಾಮೆರಾಗೆ ತಿಳಿ ನೀಲಿ. ಆ ನೀಲಿಯನ್ನು ಸರಿ ಮಾಡೋಕೆ ಹೋಗಿ ಇಡೀ ಚಿತ್ರಕ್ಕೆ ಹಳದಿ ಬಳಿಯುತ್ತೆ.

ಮಜಾ ಏನಂದ್ರೆ, ರಾತ್ರಿ ಎಲ್ಇಡಿ ಬಲ್ಬಿನಲ್ಲಿ ಇದೇ ಹಾಳೆ ಇಟ್ಟು ನೋಡಿದರೆ ಕಾರ್ಡಿಗೂ ಇದಕ್ಕೂ ಬರೀ 50 ಕೆಲ್ವಿನ್ ವ್ಯತ್ಯಾಸ. ಮನೆಯ ಎಲ್ಇಡಿಯಲ್ಲಿ ಅಲ್ಟ್ರಾವಯಲೆಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. "ನಾನು ಹಾಳೆಯಲ್ಲೇ ಮಾಡ್ತೀನಿ, ಸರಿಯಾಗೇ ಬರುತ್ತೆ" ಅನ್ನೋರು ಸುಳ್ಳು ಹೇಳ್ತಿಲ್ಲ, ಬಹುಶಃ ರಾತ್ರಿ ತೆಗೀತಾರೆ.

ಸೀರೆ ತೆಗೆಯುವವರಿಗೆ ಇನ್ನೊಂದು ಆಸೆ ಹುಟ್ಟುತ್ತೆ. ಇಳಕಲ್ ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿ ತೆನಿ ವಿನ್ಯಾಸ ಇರುತ್ತೆ. ಕಾರ್ಡ್ ಯಾಕೆ ಬೇಕು, ಆ ಬಿಳಿ ಮೇಲೇ ಕ್ಲಿಕ್ ಮಾಡಿದರಾಯ್ತು ಅಂತ ನಾನೂ ಮಾಡಿದ್ದೆ. ಬಂದಿದ್ದು 5,200. ಆ ರೇಷ್ಮೆ ಎಳೆ ಬಿಳಿಯೇ ಅಲ್ಲ, ಕೆನೆ ಬಣ್ಣ. ಸಾಲದ್ದಕ್ಕೆ ಪಕ್ಕದ ಕೆಂಪು ಎಳೆಗಳ ಬಣ್ಣವೂ ಅದರ ಮೇಲೆ ಬಿದ್ದಿರುತ್ತೆ. ಕೆನೆಯನ್ನು ಬಿಳಿ ಮಾಡಿದರೆ ಮಿಕ್ಕಿದ್ದೆಲ್ಲ ನೀಲಿಗೆ ಜಾರುತ್ತೆ. ವಾಪಸ್ ಬಂದ ಸೀರೆಯ ಕಥೆ ಅಲ್ಲೇ ಗೊತ್ತಾಯ್ತು. ಹಳೇ ಫೈಲ್ ತೆಗೆದು ನೋಡಿದರೆ ಐಡ್ರಾಪರ್ ಒತ್ತಿದ್ದು ತೆನಿಯ ಮೇಲೆ. ಈರುಳ್ಳಿ ಸಿಪ್ಪೆಯ ಗುಲಾಬಿಗೆ ನೀಲಿ ಸೇರಿ ಬದನೆಕಾಯಿ ಆಗಿತ್ತು.

ಇನ್ನು ಅಗ್ಗದ ಗ್ರೇ ಕಾರ್ಡ್. 5,800 ತೋರಿಸಿತು, ಟಿಂಟ್ (ಹಸಿರು-ಮೆಜೆಂಟಾ ಕಡೆಯ ತಿದ್ದುಪಡಿ) ಒಂದು ಮೂರು ನಾಲ್ಕು ಅಂಕಿ ಆಚೀಚೆ. ಪಾಸ್‌ಪೋರ್ಟ್‌ಗೂ ಇದಕ್ಕೂ ಬೆಲೆಯಲ್ಲಿ ಹತ್ತು ಪಟ್ಟಿಗಿಂತ ಜಾಸ್ತಿ ಅಂತರ, ಬಣ್ಣದಲ್ಲಿ ನನ್ನ ಕಣ್ಣಿಗೆ ಗೊತ್ತಾಗದಷ್ಟು. ಒಂದು ವಿಷಯ ಮಾತ್ರ ಹೇಳಬೇಕು. 18 ಪರ್ಸೆಂಟ್ ಬೂದು ಅಂತ ಬರೆದಿರೋದು ಎಷ್ಟು ಬೆಳಕು ವಾಪಸ್ ಬರುತ್ತೆ ಅನ್ನೋ ಲೆಕ್ಕ, ಅದು ಎಕ್ಸ್‌ಪೋಷರ್‌ಗೆ, ಅಂದರೆ ಫೋಟೋಗೆ ಎಷ್ಟು ಬೆಳಕು ಬಿಡಬೇಕು ಅನ್ನೋದಕ್ಕೆ. ಬಣ್ಣದಲ್ಲಿ ತಟಸ್ಥವಾಗಿದೆ ಅನ್ನೋ ಗ್ಯಾರಂಟಿ ಅದರಲ್ಲಿಲ್ಲ. ನನ್ನದು ಅದೃಷ್ಟಕ್ಕೆ ಚೆನ್ನಾಗಿ ಬಂತು. ಗೆಳೆಯ ತರಿಸಿದ ಅಂಥದ್ದೇ ಸೆಟ್‌ನ ಕಾರ್ಡ್ ಕಿಟಕಿ ಹತ್ತಿರ ಹಿಡಿದರೆ ಕಣ್ಣಿಗೇ ಹಸಿರು ಕಾಣುತ್ತಿತ್ತು. ಕೊಂಡ ಮೇಲೆ ಒಮ್ಮೆ ಯಾರದಾದರೂ ಒಳ್ಳೆ ಕಾರ್ಡಿನ ಪಕ್ಕದಲ್ಲಿಟ್ಟು ನೋಡಿಬಿಡಿ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಕಾರ್ಡಿನ ಬ್ರ್ಯಾಂಡ್ ಅಲ್ಲ, ಅದರ ಓರೆ. ನಮ್ಮ ಕೋಣೆಯಲ್ಲಿ ಎಡಕ್ಕೆ ಕಿಟಕಿ, ಬಲಕ್ಕೆ ತಿಳಿ ಹಸಿರು ಡಿಸ್ಟೆಂಪರ್ ಬಳಿದ ಗೋಡೆ. ವೈನಿ ಕಾರ್ಡ್ ಹಿಡಿದು ನಿಂತಿದ್ದರು. ಕಿಟಕಿ ಕಡೆ ಮುಖ ಮಾಡಿದಾಗ ಟಿಂಟ್ +4. ಅವರು ಯಾರೋ ಕರೆದರು ಅಂತ ಬಲಕ್ಕೆ ತಿರುಗಿದರು, ಕಾರ್ಡೂ ತಿರುಗಿತು. ಆ ಕ್ಷಣ ತೆಗೆದ ಫೋಟೋದಲ್ಲಿ +13! ಗೋಡೆಯ ಹಸಿರು ಕಾರ್ಡಿನ ಮೇಲೆ ಬಿದ್ದಿತ್ತು. ಅದೇ ಕಾರ್ಡ್, ಅದೇ ಜಾಗ, ಅರ್ಧ ತಿರುವು ಅಷ್ಟೇ. ಅಗ್ಗದ ಕಾರ್ಡಿಗೂ ದುಬಾರಿ ಕಾರ್ಡಿಗೂ ಇದ್ದ ವ್ಯತ್ಯಾಸದ ಎರಡು ಮೂರು ಪಟ್ಟು ಇದೊಂದರಲ್ಲೇ ಹೋಯ್ತು. ಈಗ ಕಾರ್ಡನ್ನು ಸೀರೆಗೆ ಪಿನ್ ಹಾಕಿ, ಸೀರೆ ಯಾವ ಕಡೆ ನೋಡುತ್ತೋ ಅದೇ ಕಡೆ ಚಪ್ಪಟೆಯಾಗಿ ಇಡ್ತೀವಿ. ಮತ್ತೆ ಆ ಹಸಿರು ಗೋಡೆಗೆ ಒಂದು ಬಿಳಿ ಬೆಡ್‌ಶೀಟ್ ಕಟ್ಟಿದೀವಿ.

ಎಕ್ಸ್‌ಪೋಡಿಸ್ಕ್ ಬೇರೆ ಜಾತಿಯದು. ಲೆನ್ಸಿನ ಮುಂದೆ ಹಾಕೋ ಅರೆಪಾರದರ್ಶಕ ಬಿಲ್ಲೆ. ಕಾರ್ಡ್ ಆದರೆ ಅದರಿಂದ ವಾಪಸ್ ಬಂದ ಬೆಳಕನ್ನು ನೋಡ್ತೀರಿ, ಇದರಲ್ಲಿ ಸೀರೆ ಇರುವ ಜಾಗಕ್ಕೇ ಹೋಗಿ, ಕ್ಯಾಮೆರಾನ ಬೆಳಕಿನ ಕಡೆ ತಿರುಗಿಸಿ, ಬೀಳುವ ಬೆಳಕನ್ನೇ ಅಳೆಯೋದು. ಮೊದಲ ಸಲ ನಾನು ನಿಂತಲ್ಲಿಂದಲೇ ಕೆಂಪು ಸೀರೆ ಕಡೆ ಹಿಡಿದು ಒತ್ತಿಬಿಟ್ಟೆ, ಫೋಟೋ ಎಲ್ಲ ಹಸಿರು-ನೀಲಿ. ಸರಿಯಾಗಿ ಮಾಡಿದಾಗ 6,000 ಹತ್ತಿರ ಬಂತು, ಏನೂ ತಕರಾರಿಲ್ಲ. ಕ್ಯಾಮೆರಾದಲ್ಲೇ ಸೆಟ್ ಮಾಡಿಬಿಡೋರಿಗೆ, ಅದರಲ್ಲೂ ವಿಡಿಯೋದವರಿಗೆ, ಇದು ತುಂಬ ಸಲೀಸು. ಸಾಮಾನ್ಯ ವಿಡಿಯೋ ಫೈಲ್‌ನಲ್ಲಿ ರಾ ಥರ ಆಮೇಲೆ ತಿದ್ದೋಕೆ ಜಾಸ್ತಿ ಅವಕಾಶ ಇರಲ್ಲ. ಆದರೆ ಪ್ರತಿ ಸಲ ಬಿಲ್ಲೆ ಹಾಕು, ಸೀರೆ ಹತ್ತಿರ ಹೋಗು, ತಿರುಗು, ಒತ್ತು, ವಾಪಸ್ ಬಾ, ಬಿಲ್ಲೆ ತೆಗಿ... ಟ್ರೈಪಾಡ್ ಮೇಲೆ ಕ್ಯಾಮೆರಾ ಕೂರಿಸಿ 40 ಸೀರೆ ತೆಗೆಯುವಾಗ ನನಗೆ ಇದು ಬೇಡ. ಐಸ್‌ಕ್ರೀಮ್ ಮುಚ್ಚಳವನ್ನೂ ಇದೇ ಥರ ಹಿಡಿದು ನೋಡಿದೆ. ಎಲ್ಲೋ ಹತ್ತಿರ ಬಂತು. ಇನ್ನೊಂದು ಮುಚ್ಚಳ ಹಿಡಿದರೆ ಇನ್ನೆಲ್ಲೋ ಹೋಯ್ತು. ಅದಕ್ಕಿಂತ ಜಾಸ್ತಿ ಅದರ ಬಗ್ಗೆ ಹೇಳೋಕಿಲ್ಲ.

ಶುರುವಿನಲ್ಲಿ ಮದುವೆಯ ಮಾತು ಬಂತಲ್ಲ, ಅದರದ್ದೂ ಒಂದು ಹೇಳಿಬಿಡ್ತೀನಿ. ಅರಿಶಿಣದ ಕಾರ್ಯಕ್ರಮ, ಮೇಲೆ ಹಳದಿ ಶಾಮಿಯಾನ. ಗ್ರೇ ಕಾರ್ಡನ್ನು ಹುಡುಗಿಯ ಕಾಕಾನ ಕೈಗೆ ಕೊಟ್ಟೆ, ಪಾಪ ಅವರು ಪ್ರೀತಿಯಿಂದ ಹಿಡಿದರು. ವಾಪಸ್ ಕೊಟ್ಟಾಗ ಐದು ಬೆರಳಿನ ಹಳದಿ ಗುರುತು. ರಟ್ಟಿನ ಕಾರ್ಡ್, ಒರೆಸಿದಷ್ಟೂ ಹರಡಿತು. ಅವತ್ತಿಂದ ಪ್ಲಾಸ್ಟಿಕ್ ಕಾರ್ಡ್ ಮಾತ್ರ. ಮತ್ತೆ ಶಾಮಿಯಾನದ ಹಳದಿಯನ್ನು ಪೂರ್ತಿ ತೆಗೆದು ನೋಡಿದರೆ ಅರಿಶಿಣದ ಮನೆಯೇ ಆಸ್ಪತ್ರೆ ಥರ ಕಂಡಿತು, ಅರ್ಧ ವಾಪಸ್ ಹಾಕಿದೆ. ಆರತಿ ಬೆಳಕಿಗೂ ಅಷ್ಟೇ, ದೀಪದ ಬೆಳಕು 2,000 ಕೆಲ್ವಿನ್ ಸುತ್ತಮುತ್ತ, ಅದನ್ನು ಹಗಲು ಮಾಡೋಕೆ ಹೋಗಬಾರದು.

ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಕೆಳಗೆ ಯಾವ ಸಾಧನವಾದರೂ ಒಂದು ಎಚ್ಚರ ಬೇಕು. ನಮ್ಮ ಕರೆಂಟ್ 50 ಹರ್ಟ್ಜ್, ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತೆ, ಮಿನುಗುವಾಗ ಬಣ್ಣವೂ ಬದಲಾಗುತ್ತೆ. ಶಟರ್ ವೇಗ 1/500 ಸೆಕೆಂಡ್ ಇಟ್ಟು ಕಾರ್ಡಿನ ಮೂರು ಫೋಟೋ ತೆಗೆದೆ, ಮೂರು ಬೇರೆ ಅಂಕಿ. ಕಾರ್ಡ್ ಕೆಟ್ಟಿದೆ ಅಂತ ಒಂದು ವಾರ ಅದನ್ನೇ ಬೈದಿದ್ದೆ. 1/50ಕ್ಕೆ ಇಳಿಸಿದ ಮೇಲೆ ಮೂರೂ ಒಂದೇ.

ಹಾಗಾದರೆ ಕಲರ್‌ಚೆಕರ್ ಯಾಕೆ ಬೇಕು? ಬರೀ ವೈಟ್ ಬ್ಯಾಲೆನ್ಸ್‌ಗೆ ಆದರೆ ಬೇಡ, ನೇರವಾಗಿ ಹೇಳ್ತೀನಿ. 1976ರಲ್ಲಿ ಮ್ಯಾಕ್‌ಬೆತ್ ಕಂಪನಿ ತಂದ 24 ಚೌಕದ ಚಾರ್ಟ್ ಅದು, ಈಗ ಕ್ಯಾಲಿಬ್ರೈಟ್ ಹೆಸರಲ್ಲಿ ಬರುತ್ತೆ. ಪಾಸ್‌ಪೋರ್ಟ್ ಅಂದರೆ ಅದನ್ನೇ ಜೇಬಿಗೆ ಹಿಡಿಯೋ ಹಾಗೆ ಮಾಡಿರೋದು. ಬೂದು ಬೂದಾಗಿ ಬಂದರೂ ಇಳಕಲ್ ಸೆರಗಿನ ಕೆಂಪು ನನ್ನ ಕ್ಯಾಮೆರಾದಲ್ಲಿ ಕಿತ್ತಳೆಗೆ ಹೊರಳುತ್ತಿತ್ತು. ಬೂದು ಸರಿಯಾದರೆ ಎಲ್ಲ ಬಣ್ಣವೂ ಸರಿಯಾಗುತ್ತೆ ಅಂದುಕೊಂಡಿದ್ದೆ, ಆಗಲ್ಲ. 24 ಚೌಕದ ಫೋಟೋದಿಂದ ಆ ಕ್ಯಾಮೆರಾಗೆ, ಆ ಬೆಳಕಿಗೆ ಅಂತ ಒಂದು ಪ್ರೊಫೈಲ್ (ಒಂದೊಂದು ಬಣ್ಣವನ್ನೂ ತಿದ್ದೋ ಫೈಲ್) ಮಾಡಿದೆ, ಕೆಂಪು ಕೆಂಪಿಗೆ ಬಂತು. ವೈನಿ ಸೆರಗು ತಂದು ಸ್ಕ್ರೀನ್ ಪಕ್ಕ ಹಿಡಿದು "ಹಾಂ, ಈಗ ಆತು ನೋಡು" ಅಂದರು. ಸ್ವಂತಕ್ಕೆ ಕೊಂಡಿದ್ದು ಆಮೇಲೆ. ಅದೇ ಚಾರ್ಟ್‌ನಲ್ಲಿ ವೈಟ್ ಬ್ಯಾಲೆನ್ಸ್ ಕ್ಲಿಕ್ ಮಾಡೋದಾದರೆ ಬಿಳಿ ಚೌಕದ ಮೇಲೆ ಬೇಡ, ಜಾಸ್ತಿ ಬೆಳಕಾಗಿ ಅದು ಸುಟ್ಟಿರಬಹುದು. ಅದರ ಪಕ್ಕದ ತಿಳಿ ಬೂದು ಒಳ್ಳೇದು.

ಪ್ರೊಫೈಲ್ ಕೂಡ ಬೆಳಕು ಚೆನ್ನಾಗಿದ್ದರೆ ಮಾತ್ರ. ಕಳಪೆ ಎಲ್ಇಡಿಯಲ್ಲಿ ಕೆಂಪು ಬೆಳಕೇ ಕಡಿಮೆ ಇರುತ್ತೆ, ಇಲ್ಲದ ಕೆಂಪನ್ನು ಯಾವ ಕಾರ್ಡೂ ತರಲ್ಲ. ಚಾರ್ಟ್‌ಗೆ ದುಡ್ಡು ಖರ್ಚು ಮಾಡುವ ಮುಂಚೆ ಸೀರೆನ ಕಿಟಕಿ ಹತ್ತಿರ ಒಯ್ಯಿರಿ, ಕೋಣೆಯ ಲೈಟ್ ಆರಿಸಿ. ಕಿಟಕಿ ಬೆಳಕು, ಬಲ್ಬ್ ಎರಡೂ ಒಟ್ಟಿಗೆ ಇದ್ದರೆ ಸೀರೆಯ ಒಂದು ಮಗ್ಗುಲು ಸರಿಹೋದರೆ ಇನ್ನೊಂದು ಕೆಡುತ್ತೆ.

ಈಗ ನಡೆಯುತ್ತಿರೋದು ಹೀಗೆ. ಬೆಳಿಗ್ಗೆ ಮೊದಲ ಸೀರೆಯ ಜೊತೆ ಪಾಸ್‌ಪೋರ್ಟ್ ಒಂದು ಫೋಟೋ. ಆಮೇಲೆ ಮೋಡ ಸರಿದಾಗೆಲ್ಲ ಪ್ಲಾಸ್ಟಿಕ್ ಗ್ರೇ ಕಾರ್ಡ್, ಅದನ್ನು ಪಿನ್ ಹಾಕೋದು ವೈನಿಯ ಕೆಲಸ. ನನಗಿಂತ ಚೆನ್ನಾಗಿ ಹಾಕ್ತಾರೆ. ಬಣ್ಣ ಬೇರೆ ಅಂತ ವಾಪಸ್ ಬರೋದು ಬಹಳ ಕಡಿಮೆ ಆಗಿದೆ, ನಿಂತಿಲ್ಲ. ಮೊನ್ನೆ ಬಂದ ಒಂದು ತಕರಾರಿಗೆ ಫೋನ್ ಮಾಡಿ ಕೇಳಿದರೆ ಅವರ ಮೊಬೈಲಿನಲ್ಲಿ ಕಣ್ಣಿಗೆ ಹಿತ ಅಂತ ಹಾಕೋ ಹಳದಿ ಸ್ಕ್ರೀನ್ ಆನ್ ಇತ್ತು.

ಇನ್ನೂ ಬಗ್ಗದೇ ಇರೋದು ಧೂಪ್‌ಛಾವ್ ಸೀರೆಗಳು. ಉದ್ದಕ್ಕೆ ಹೋಗೋ ಹಾಸಿನಲ್ಲಿ ಒಂದು ಬಣ್ಣದ ಎಳೆ, ಅಡ್ಡಕ್ಕೆ ಹೋಗೋ ಹೊಕ್ಕಿನಲ್ಲಿ ಇನ್ನೊಂದು, ಹಾಗಾಗಿ ಒಂದು ಕಡೆಯಿಂದ ಹಸಿರು, ಸ್ವಲ್ಪ ಸರಿದರೆ ನೇರಳೆ. ಮೂರು ದಿನ ಕಾರ್ಡ್, ಚಾರ್ಟ್, ಬಿಲ್ಲೆ ಎಲ್ಲ ಹಿಡಿದೆ. ಕೊನೆಗೆ ವೈನಿಯೇ ಕಿಟಕಿ ಹತ್ತಿರ ಸೆರಗು ಹಿಡಿದು ಹಿಂದೆ ಮುಂದೆ ಆಡಿಸಿ ಹತ್ತು ಸೆಕೆಂಡಿನ ವಿಡಿಯೋ ಮಾಡಿದರು, ತಮ್ಮ ಫೋನಿನಲ್ಲಿ, ಆಟೋದಲ್ಲೇ. ಆ ಸೀರೆ ಅವತ್ತು ಸಂಜೆಯೇ ಹೋಯ್ತು.