ತುಪ್ಪುಳದ ಜಾಕೆಟ್: ನೀಲಗಿರಿಯ ಒಣ ಚಳಿಗೆ ಯಾವುದು, ಒದ್ದೆ ಚಳಿಗೆ ಯಾವುದು

ನೀಲಗಿರಿಯಲ್ಲಿ ಚಳಿ ಒಂದಲ್ಲ, ಎರಡು. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಣ ಚಳಿ. ರಾತ್ರಿ ಆಕಾಶ ತಿಳಿಯಾಗಿರುತ್ತದೆ, ಬೆಳಗಿನ ಜಾವ ತಲೈಕುಂದಾದ ಹುಲ್ಲಿನ ಮೇಲೆ ಇಬ್ಬನಿ ಉಪ್ಪು ಚೆಲ್ಲಿದ ಹಾಗೆ ಹೆಪ್ಪುಗಟ್ಟಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬರುವುದು ಒದ್ದೆ ಚಳಿ. ಥರ್ಮಾಮೀಟರಿನಲ್ಲಿ ಅಂಥ ಇಳಿತವೇನೂ ಕಾಣುವುದಿಲ್ಲ, ಆದರೆ ಗಾಳಿ, ಸೋನೆ, ಮಂಜು ಮೂರೂ ಸೇರಿ ಮೂಳೆಗೇ ಇಳಿಯುತ್ತವೆ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಜಾಕೆಟ್ ತೋರಿಸುತ್ತಾರೆ. 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ನೆತ್ತಿ, ಊಟಿ–ಕೂನೂರು ರಸ್ತೆಯ ಸ್ಕೂಟರ್ ಸವಾರಿ, ಕೇತಿ ಕಣಿವೆಯ ಕ್ಯಾರೆಟ್ ಹೊಲ, ಈ ಮೂರು ಕಡೆ ಎರಡೂ ಕಾಲದಲ್ಲಿ ಮೂರು ಬಗೆಯ ಜಾಕೆಟ್ ಹಾಕಿ ನೋಡಿ ಮಾಡಿದ ಹೋಲಿಕೆ ಇದು.

ಮೊದಲನೆಯದು ಹಗುರದ್ದು: 800 ಫಿಲ್ ಪವರ್, ಒಳಗೆ 90 ಗ್ರಾಂ ತುಪ್ಪುಳ (ಬಾತುಕೋಳಿಯಂಥ ಹಕ್ಕಿಗಳ ಗರಿಯಡಿಯ ಮೆತ್ತನೆಯ ರೋಮ, ಇಂಗ್ಲಿಷಿನಲ್ಲಿ ಡೌನ್), ಹೊರಗೆ 10 ಡೆನಿಯರ್‌ನ ತೆಳು ನೈಲಾನ್ (ಡೆನಿಯರ್ ಎಂದರೆ ನೂಲಿನ ದಪ್ಪದ ಅಳತೆ). ಎರಡನೆಯದು ದಪ್ಪದ್ದು: 650 ಫಿಲ್ ಪವರ್, 160 ಗ್ರಾಂ ತುಪ್ಪುಳ, 30 ಡೆನಿಯರ್ ಬಟ್ಟೆ. ಮೂರನೆಯದರಲ್ಲಿ ತುಪ್ಪುಳವೇ ಇಲ್ಲ, ಚದರ ಮೀಟರಿಗೆ 100 ಗ್ರಾಂ ತೂಗುವ ಪಾಲಿಯೆಸ್ಟರ್ ಹಾಳೆ ಇದೆ.

ಕೊಳ್ಳುವವರು ಎಡವುವುದು ಆ 800, 650 ಎಂಬ ಅಂಕಿಯಲ್ಲಿ. ಫಿಲ್ ಪವರ್ ಎಂದರೆ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳ ಎಷ್ಟು ಘನ ಇಂಚು ಜಾಗಕ್ಕೆ ಅರಳುತ್ತದೆ ಎಂಬ ಲೆಕ್ಕ. ಅದು ತುಪ್ಪುಳದ ಗುಣ, ಜಾಕೆಟ್ಟಿನ ಬಿಸುಪಲ್ಲ. ಬಿಸುಪು ಬೇಕಾದರೆ ಒಳಗೆ ಎಷ್ಟು ಗ್ರಾಂ ಇದೆ ಎಂದೂ ಕೇಳಬೇಕು. ಗುಣಿಸಿ ನೋಡಿ: 800 ಫಿಲ್‌ನ 90 ಗ್ರಾಂ ಸುಮಾರು 2,500 ಘನ ಇಂಚು ಅರಳಿದರೆ, 650ರ 160 ಗ್ರಾಂ 3,700ರ ಹತ್ತಿರ ಅರಳುತ್ತದೆ. ಕಡಿಮೆ ಅಂಕಿಯದೇ ಬೆಚ್ಚಗೆ. ದೊಡ್ಡ ಅಂಕಿಗೆ ಕೊಡುವ ಹೆಚ್ಚಿನ ದುಡ್ಡು ಹಗುರಕ್ಕೆ ಮತ್ತು ಚಿಕ್ಕದಾಗಿ ಮಡಚಿಕೊಳ್ಳುವುದಕ್ಕೆ. ಹಿಮಾಲಯಕ್ಕೆ ಹೆಗಲ ಮೇಲೆ ಹೊತ್ತು ನಡೆಯುವವರಿಗೆ ಅದು ಸರಿ. ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವವರಿಗೆ ಏತಕ್ಕೆ?

ಒಣ ಚಳಿಯ ಬೆಳಗಿನಲ್ಲಿ, ಗಾಳಿಯಿಲ್ಲದ ಕಡೆ, ಎರಡೂ ತುಪ್ಪುಳದ ಜಾಕೆಟ್ ಪಾಲಿಯೆಸ್ಟರನ್ನು ಸಲೀಸಾಗಿ ಹಿಂದೆ ಹಾಕಿದವು. ಒಳಗೊಂದು ತೆಳು ಸ್ವೆಟರ್, ಮೇಲೆ ದಪ್ಪದ್ದು ಇದ್ದರೆ ಸುಮ್ಮನೆ ನಿಂತರೂ ನಡುಕವಿಲ್ಲ. ಗಾಳಿ ಎದ್ದ ಮೇಲೆ ಲೆಕ್ಕ ಬದಲಾಯಿತು. ಹಗುರದ್ದರಲ್ಲಿ ಒಳಬಟ್ಟೆ ಹೊರಬಟ್ಟೆ ಎರಡನ್ನೂ ಸೇರಿಸಿ ಅಡ್ಡಡ್ಡ ಹೊಲಿದಿರುತ್ತಾರೆ. ಹೊಲಿಗೆಯ ಗೆರೆಯಲ್ಲಿ ತುಪ್ಪುಳ ಇರುವುದಿಲ್ಲ, ಸೂಜಿಯ ತೂತು ಮಾತ್ರ ಇರುತ್ತದೆ. ದೊಡ್ಡಬೆಟ್ಟದ ಗಾಳಿಗೆ ಎದೆಯ ಮೇಲೆ ಆ ಗೆರೆಗಳು ಒಂದೊಂದಾಗಿ ತಣ್ಣಗೆ ತಾಗುವುದು ಗೊತ್ತಾಗುತ್ತದೆ. ದಪ್ಪದ್ದರಲ್ಲಿ ಎರಡು ಬಟ್ಟೆಯ ನಡುವೆ ಪಟ್ಟಿ ನಿಲ್ಲಿಸಿ ಗೂಡು ಗೂಡಾಗಿ ಹೊಲಿದಿದ್ದರಿಂದ ಈ ತೊಂದರೆ ಬಹಳ ಕಡಿಮೆ. ಅಂಗಡಿಯಲ್ಲಿ ಹೊಲಿಗೆಯ ಗೆರೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಬಟ್ಟೆಗೆ ಬಟ್ಟೆ ಅಂಟಿದ್ದರೆ ಮೊದಲ ಬಗೆ.

ಸ್ಕೂಟರಿನಲ್ಲಿ ಮಾತ್ರ ಎರಡೂ ಸೋತವು. ಎದುರುಗಾಳಿ ಎದೆಯ ಭಾಗವನ್ನು ಒತ್ತಿ ಚಪ್ಪಟೆ ಮಾಡುತ್ತದೆ. ತುಪ್ಪುಳ ಬೆಚ್ಚಗಿಡುವುದು ತಾನು ಹಿಡಿದಿಟ್ಟ ಗಾಳಿಯಿಂದ, ಅದು ಹೋದರೆ ಉಳಿಯುವುದು ಎರಡು ಪದರ ನೈಲಾನ್. ಮೇಲೊಂದು ವಿಂಡ್‌ಚೀಟರ್ ಬೇಕೇ ಬೇಕು, ಒಂದು ಅಳತೆ ದೊಡ್ಡದು. ಬಿಗಿಯಾದರೆ ಅದೇ ಒಳಗಿನದನ್ನು ಅಮುಕುತ್ತದೆ. ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿದರೆ ಬೆವರು ಹೊರಗೆ ಹೋಗದೆ ಜಾಕೆಟ್ ಒಳಗಿನಿಂದಲೇ ಒದ್ದೆಯಾಗುತ್ತದೆ.

ಜೂನ್ ಬಂದ ಮೇಲೆ ಪಾಲಿಯೆಸ್ಟರಿನ ಸರದಿ. ಒದ್ದೆಯಾದ ತುಪ್ಪುಳ ಮುದ್ದೆ ಕಟ್ಟಿ ಪ್ರತಿ ಗೂಡಿನ ತಳಕ್ಕೆ ಜಾರುತ್ತದೆ, ಗೂಡಿನ ಮೇಲ್ಭಾಗದಲ್ಲಿ ಏನೂ ಉಳಿಯುವುದಿಲ್ಲ. ನೀರು ಹಿಡಿಯದ ಹಾಗೆ ಸಂಸ್ಕರಿಸಿದ ತುಪ್ಪುಳವೂ ಇದೆ; ಅದು ಒದ್ದೆಯಾಗುವುದನ್ನು ಮುಂದೂಡುತ್ತದೆ, ತಪ್ಪಿಸುವುದಿಲ್ಲ. ಪಾಲಿಯೆಸ್ಟರ್ ಒದ್ದೆಯಾದರೂ ಸ್ವಲ್ಪ ಬಿಸುಪು ಉಳಿಸಿಕೊಳ್ಳುತ್ತದೆ, ಬೇಗ ಒಣಗುತ್ತದೆ. ಹೊಲದ ಕೆಲಸಕ್ಕೂ ಅದೇ ಸರಿ: ಬೆವರು, ಕೆಸರು, ಬುಟ್ಟಿಯ ಅಂಚು, ಯಾವುದಕ್ಕೂ 10 ಡೆನಿಯರ್ ಬಟ್ಟೆ ತಾಳುವುದಿಲ್ಲ. ಪಾಲಿಯೆಸ್ಟರಿನ ಕೊರತೆ ಎಂದರೆ ಮಡಚಿ ಮಡಚಿ ಇಟ್ಟರೆ ಕೆಲವೇ ವರ್ಷಗಳಲ್ಲಿ ಸಪ್ಪಟೆಯಾಗುತ್ತದೆ, ಮತ್ತೆ ಉಬ್ಬುವುದಿಲ್ಲ. ಚೆನ್ನಾಗಿ ನೋಡಿಕೊಂಡ ತುಪ್ಪುಳ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬರುತ್ತದೆ.

ಹಾಗಾಗಿ ನಮ್ಮ ಮಟ್ಟಿಗೆ ಊಟಿಯಲ್ಲಿರುವವರಿಗೆ ಮೊದಲು ಪಾಲಿಯೆಸ್ಟರ್, ದುಡ್ಡು ಮಿಕ್ಕಿದರೆ ದಪ್ಪದ 650. ಹಗುರದ 800 ಕೊನೆಗೆ. ಬಜಾರಿನಲ್ಲಿ ಅಗ್ಗಕ್ಕೆ ಸಿಗುವ ಉಬ್ಬುಬ್ಬಾದ ಜಾಕೆಟ್ಟುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರೇ. ತಪ್ಪೇನಿಲ್ಲ, ತುಪ್ಪುಳದ ಬೆಲೆ ಕೊಡಬೇಡಿ ಅಷ್ಟೆ. ಒಳಗಿನ ಚೀಟಿಯಲ್ಲಿ ಡೌನ್ 90, ಫೆದರ್ 10 ಎಂದೋ 80, 20 ಎಂದೋ ಇರಬೇಕು. ಮುಷ್ಟಿಯಲ್ಲಿ ಹಿಸುಕಿದಾಗ ಅಲ್ಲೊಂದು ಇಲ್ಲೊಂದು ಗರಿಯ ಕಡ್ಡಿ ಸಿಕ್ಕಿದರೆ ಅದು ತುಪ್ಪುಳದ್ದೇ. ಹೆಜ್ಜೆಗೊಂದು ಚುಚ್ಚಿದರೆ ಗರಿಯೇ ಹೆಚ್ಚು ತುಂಬಿದ್ದಾರೆ ಎಂದರ್ಥ.

ಒಗೆಯುವುದಕ್ಕೆ ಕಾಲ ನೋಡಬೇಕು. ಫೆಬ್ರವರಿ, ಮಾರ್ಚ್ ಒಳ್ಳೆಯದು. ಮಳೆಗಾಲದಲ್ಲಿ ಒಗೆದದ್ದು ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಸಾಕು, ಮಧ್ಯೆ ಕಾಲರ್ ಮತ್ತು ಮುಂಗೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಸೋಪಿನ ಪುಡಿ ತುಪ್ಪುಳದ ಸಹಜ ಎಣ್ಣೆಯನ್ನು ತೆಗೆದುಹಾಕುತ್ತದೆ, ಡ್ರೈಕ್ಲೀನಿಂಗ್ ದ್ರಾವಣವೂ ಹಾಗೇ. ಡೌನ್‌ಗೆಂದೇ ಮಾಡಿದ ದ್ರವ ಸೋಪು ಸಿಗುತ್ತದೆ, ಅದನ್ನೇ ಬಳಸಿ. ಫ್ರಂಟ್ ಲೋಡ್ ಯಂತ್ರವಾದರೆ 30 ಡಿಗ್ರಿ, ಮೆದು ಒಗೆತ, ಎರಡು ಸಲ ಹೆಚ್ಚುವರಿ ಜಾಲಾಟ. ನಡುವೆ ತಿರುಗುವ ಕಂಬವಿರುವ ಟಾಪ್ ಲೋಡ್‌ಗೆ ಹಾಕಬೇಡಿ, ಒಳಗಿನ ಪಟ್ಟಿ ಹರಿಯುತ್ತದೆ.

ಕೈಯಲ್ಲಾದರೆ ದೊಡ್ಡ ಟಬ್, ಉಗುರುಬೆಚ್ಚನೆಯ ನೀರು. ಜಿಪ್ ಹಾಕಿ ಮುಳುಗಿಸಿದರೆ ಜಾಕೆಟ್ ದೋಣಿಯ ಹಾಗೆ ತೇಲುತ್ತದೆ. ಅಂಗೈಯಿಂದ ನಿಧಾನಕ್ಕೆ ಒತ್ತಿ ಗಾಳಿ ಬಿಡಿಸಿ, 15 ನಿಮಿಷ ನೆನೆಸಿ, ಹಿಟ್ಟು ನಾದುವಂತೆ ಒತ್ತಿ. ನೊರೆ ಪೂರ್ತಿ ಹೋಗುವವರೆಗೆ ನಾಲ್ಕೈದು ನೀರು. ಹಿಂಡಬಾರದು. ಭುಜ ಹಿಡಿದು ಎತ್ತಲೂಬಾರದು: ನೀರು ಕುಡಿದ ತುಪ್ಪುಳ ಕಲ್ಲಿನಷ್ಟು ಭಾರ, ಒಳಹೊಲಿಗೆ ಕಿತ್ತುಬರುತ್ತದೆ. ಕೆಳಗೆ ಎರಡೂ ಕೈ ಕೊಟ್ಟು ಮಗುವನ್ನು ಎತ್ತುವ ಹಾಗೆ ಎತ್ತಿ, ಟವೆಲಿನಲ್ಲಿ ಸುತ್ತಿ ಒತ್ತಿ.

ಡ್ರೈಯರ್ ಇದ್ದರೆ ಕಡಿಮೆ ಶಾಖದಲ್ಲಿ ಮೂರು ಟೆನಿಸ್ ಚೆಂಡು ಹಾಕಿ ಎರಡು ಮೂರು ಗಂಟೆ. ಇಲ್ಲದಿದ್ದರೆ ಸ್ಟ್ಯಾಂಡಿನ ಮೇಲೆ ಅಗಲವಾಗಿ ಹರಡಿ, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ದಿನ. ಗಂಟೆಗೋ ಎರಡು ಗಂಟೆಗೋ ಒಮ್ಮೆ ಹೋಗಿ ಒಳಗಿನ ಗಂಟುಗಳನ್ನು ಬೆರಳಲ್ಲಿ ಬಿಡಿಸಬೇಕು. ಬೇಜಾರಿನ ಕೆಲಸ, ಆದರೆ ಬಿಟ್ಟರೆ ಗಂಟು ಹಾಗೇ ಒಣಗುತ್ತದೆ. ಮೇಲೆ ಒಣಗಿದಂತೆ ಕಂಡರೂ ನಂಬಬೇಡಿ. ಬೆಳಕಿಗೆ ಹಿಡಿದಾಗ ಕಪ್ಪು ಮುದ್ದೆ ಕಂಡರೆ, ಮೂಸಿದಾಗ ನೆನೆದ ಕೋಳಿಯ ವಾಸನೆ ಬಂದರೆ ಇನ್ನೂ ಒಂದು ದಿನ ಬೇಕು.

ಜಾಕೆಟ್ ಜೊತೆ ಕೊಡುವ ಪುಟ್ಟ ಚೀಲ ಪ್ರಯಾಣಕ್ಕೆ ಮಾತ್ರ. ಮನೆಯಲ್ಲಿ ದಿಂಬಿನ ಹತ್ತಿ ಕವರಿನಲ್ಲಿ ಸಡಿಲವಾಗಿಟ್ಟು, ಮಳೆಗಾಲದಲ್ಲಿ ಬಿಸಿಲು ಕಂಡ ದಿನವೆಲ್ಲ ಹೊರಗೆ ತೆಗೆದು ಕೊಡವಿ. ಗರಿ ಹೊರಗೆ ಇಣುಕಿದರೆ ಎಳೆಯಬೇಡಿ, ಹಿಂದಿನಿಂದ ಚಿವುಟಿ ಒಳಕ್ಕೆ ಎಳೆದುಕೊಳ್ಳಿ. ತೂತನ್ನು ಬೆರಳಿಂದ ಉಜ್ಜಿದರೆ ನೂಲು ಮತ್ತೆ ಕೂಡುತ್ತದೆ. ಬೆಂಕಿ ಕಾಯಿಸುವಾಗ ಕಿಡಿ ಬಿದ್ದು ಸುಟ್ಟರೆ ಸೂಜಿ ಹಿಡಿಯದೆ ಸ್ಪಿರಿಟಿನಲ್ಲಿ ಒರೆಸಿ, ಅಂಟುವ ನೈಲಾನ್ ತೇಪೆಯನ್ನು ಮೂಲೆಗಳು ದುಂಡಗಾಗುವಂತೆ ಕತ್ತರಿಸಿ ಒತ್ತಿ ಹಚ್ಚಿ. ಚೂಪು ಮೂಲೆ ಬಿಟ್ಟರೆ ಮೊದಲು ಏಳುವುದು ಅದೇ.