ಪೀಣ್ಯದ ಆರ್ಗಾನ್ ಸಿಲಿಂಡರ್: ಗೇಜಿನ ಮುಳ್ಳು ಹೇಳದ ಸಂಗತಿಗಳು

ದರ್ಶಿನಿ ಹೋಟೆಲುಗಳಿಗೆ ಇಡ್ಲಿ ಸ್ಟೀಮರು, ಸಿಂಕು, ಕೌಂಟರುಗಳನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಕೊಡುವ ಪೀಣ್ಯದ ನಮ್ಮಂಥ ಫ್ಯಾಬ್ರಿಕೇಷನ್ ಶೆಡ್ಡುಗಳಿಗೆ ತಗಡು ಎಷ್ಟು ಮುಖ್ಯವೋ ಆರ್ಗಾನ್ ಅನಿಲವೂ ಅಷ್ಟೇ ಮುಖ್ಯ. ಪೀಣ್ಯ ಎರಡನೇ ಹಂತದಲ್ಲಿರುವ ಒಂದು ಗ್ಯಾಸ್ ಏಜೆನ್ಸಿಯಿಂದ ನಾವು ಈಗ ತರಿಸುತ್ತಿರುವುದು ಶೇ 99.999 ಶುದ್ಧತೆಯ, 47 ಲೀಟರ್ ಗಾತ್ರದ ಸಿಲಿಂಡರ್. ಅನಿಲದ ಗುಣಮಟ್ಟ ನಿಜಕ್ಕೂ ಚೆನ್ನಾಗಿದೆ, ವಿತರಣೆ ಸಾಧಾರಣ, ಕಾಗದಪತ್ರ ಮಾತ್ರ ಕೇಳಿ ಪಡೆಯಬೇಕು.

ಟಿಗ್ ವೆಲ್ಡಿಂಗನ್ನು ಇಲ್ಲಿ ಯಾರೂ ಟಿಗ್ ಎನ್ನುವುದಿಲ್ಲ, ‘ಆರ್ಗಾನ್ ವೆಲ್ಡಿಂಗ್’ ಎಂದೇ ಕರೆಯುತ್ತಾರೆ. ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಚಿಮ್ಮುವ ವಿದ್ಯುತ್ ಚಾಪ ಉಕ್ಕನ್ನು ಕರಗಿಸುವಾಗ, ಕರಗಿದ ಲೋಹಕ್ಕೂ ಕಾದ ಕಡ್ಡಿಗೂ ಗಾಳಿಯ ಆಮ್ಲಜನಕ ತಾಗದಂತೆ ತಡೆಯುವುದು ಟಾರ್ಚಿನಿಂದ ಹರಿಯುವ ಆರ್ಗಾನ್. ಹೊರಕವಚದ ಎಲೆಕ್ಟ್ರಾನುಗಳು ಭರ್ತಿಯಾಗಿರುವ ರಾಜಾನಿಲವಾದ್ದರಿಂದ ಆ ಉರಿಯಲ್ಲೂ ಅದು ಯಾವ ಲೋಹದೊಂದಿಗೂ ಸಂಯೋಗಗೊಳ್ಳುವುದಿಲ್ಲ. ಗಾಳಿಗಿಂತ ಸುಮಾರು 1.4 ಪಟ್ಟು ಭಾರವಾಗಿರುವುದರಿಂದ ಕೆಲಸದ ಮೇಲೆ ಕೂತು ಹೊದಿಕೆಯಾಗುತ್ತದೆ. ಹೀಲಿಯಂಗಿಂತ ಸುಲಭವಾಗಿ ಅಯಾನೀಕರಣಗೊಳ್ಳುವುದರಿಂದ ಚಾಪವೂ ಬೇಗ ಹತ್ತಿಕೊಂಡು ಸ್ಥಿರವಾಗಿ ನಿಲ್ಲುತ್ತದೆ. ದಪ್ಪ ಅಲ್ಯೂಮಿನಿಯಂಗೆ ಹೀಲಿಯಂ ಕೊಡುವ ಹೆಚ್ಚಿನ ಶಾಖ ಬೇಕಾಗಬಹುದು; ತೆಳು ಸ್ಟೇನ್‌ಲೆಸ್ ತಗಡಿಗೆ ಆರ್ಗಾನೇ ಸರಿ.

ಶುದ್ಧತೆಯ ವಿಚಾರಕ್ಕೆ ಬರೋಣ, ಏಕೆಂದರೆ ಈ ಏಜೆನ್ಸಿಗೆ ನಾವು ಬದಲಾಯಿಸಿದ್ದೇ ಆ ಕಾರಣಕ್ಕೆ. ಶೇ 99.9 ಎಂದರೆ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ ಬೇರೇನೋ ಇದೆ ಎಂದರ್ಥ, 99.999 ಆದರೆ ಹತ್ತೇ ಭಾಗ. ಹಿಂದಿನ ಪೂರೈಕೆದಾರರ ಸಿಲಿಂಡರುಗಳಲ್ಲಿ ಕೆಲವು ತೇವ ಹಿಡಿದು ಬರುತ್ತಿದ್ದವು, ಒತ್ತಡ ತೋರಿಸುವ ಗೇಜಿನ ಮುಳ್ಳು ಮಾತ್ರ ಯಾವಾಗಲೂ 150 ಕೆಜಿಯಲ್ಲೇ (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಎಂಬ ಲೆಕ್ಕ) ಇರುತ್ತಿತ್ತು. ಒತ್ತಡ ನೋಡಿ ಶುದ್ಧತೆ ತಿಳಿಯುವುದಿಲ್ಲವಾದ್ದರಿಂದ ಹೊಸ ಸಿಲಿಂಡರ್ ಬಂದಾಗಲೆಲ್ಲ ನಮ್ಮ ವೆಲ್ಡರ್ ಒಂದು ಪರೀಕ್ಷೆ ಮಾಡುತ್ತಾರೆ: ಒರೆಸಿ ಸ್ವಚ್ಛ ಮಾಡಿದ 304 ಗ್ರೇಡಿನ ಸ್ಟೇನ್‌ಲೆಸ್ ಚೂರಿನ ಮೇಲೆ ಫಿಲ್ಲರ್ (ಬೆಸುಗೆಗೆ ಸೇರಿಸುವ ಲೋಹದ ಕಡ್ಡಿ) ಇಲ್ಲದೆ ಒಂದು ಚುಕ್ಕೆ ಕರಗಿಸಿ, ಚಾಪ ಆರಿದ ಮೇಲೂ ಅನಿಲ ನಿಲ್ಲುವವರೆಗೆ ಟಾರ್ಚನ್ನು ಅಲ್ಲೇ ಹಿಡಿದಿರುತ್ತಾರೆ. ಅನಿಲ ಶುದ್ಧವಾಗಿದ್ದರೆ ಚುಕ್ಕೆ ಬೆಳ್ಳಿಯಂತೆ ಹೊಳೆಯುತ್ತದೆ, ಇಲ್ಲವೇ ತಿಳಿ ಹೊಂಬಣ್ಣದಲ್ಲಿರುತ್ತದೆ. ಟಂಗ್‌ಸ್ಟನ್ ತುದಿಯೂ ಬಿಳುಪಾಗಿಯೇ ಉಳಿಯುತ್ತದೆ. ತುದಿ ನೀಲಿ ಅಥವಾ ಕಪ್ಪಾಗಿ, ಚುಕ್ಕೆ ಬೂದು ಬಣ್ಣಕ್ಕೆ ತಿರುಗಿ ಸುತ್ತ ಮಸಿ ಕಟ್ಟಿದರೆ ಎಲ್ಲೋ ಗಾಳಿ ಅಥವಾ ತೇವ ಸೇರಿದೆ. ಆಗಲೂ ಮೊದಲು ಸೋಪಿನ ನೀರು ಹಚ್ಚಿ ಹೋಸು, ರೆಗ್ಯುಲೇಟರು, ಟಾರ್ಚಿನ ಓ-ರಿಂಗುಗಳನ್ನು (ಸೋರಿಕೆ ತಡೆಯುವ ರಬ್ಬರ್ ಉಂಗುರಗಳನ್ನು) ಪರೀಕ್ಷಿಸದೆ ಏಜೆನ್ಸಿಯನ್ನು ದೂರುವುದು ನ್ಯಾಯವಲ್ಲ. ಇವರ ಸಿಲಿಂಡರುಗಳು ಇದುವರೆಗೆ ಈ ಪರೀಕ್ಷೆಯಲ್ಲಿ ಸೋತಿಲ್ಲ.

ಇಷ್ಟು ಶುದ್ಧ ಮಾಡುವುದು ಸುಲಭವಲ್ಲ ಎಂಬುದನ್ನೂ ಹೇಳಬೇಕು. ಗಾಳಿಯಲ್ಲಿ ಆರ್ಗಾನ್ ಶೇ 0.93ರಷ್ಟಿದೆ, ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಗಾಳಿಯನ್ನು ದ್ರವವಾಗಿಸಿ ಬಟ್ಟಿ ಇಳಿಸಿದಾಗ ಸಾರಜನಕ −196 ಡಿಗ್ರಿಯಲ್ಲಿ ಕುದಿದು ಬೇರೆಯಾಗುತ್ತದೆ. ಆದರೆ ಆರ್ಗಾನ್ ಕುದಿಯುವುದು −186ರಲ್ಲಿ, ಆಮ್ಲಜನಕ −183ರಲ್ಲಿ. ಮೂರೇ ಡಿಗ್ರಿಯ ಈ ಅಂತರದಲ್ಲಿ ಎರಡನ್ನೂ ಬಿಡಿಸಲು ಎತ್ತರದ ಪ್ರತ್ಯೇಕ ಗೋಪುರವೇ ಬೇಕು. ಗಾಳಿಯಿಂದ ತೆಗೆದ ಸಾರಜನಕ ರಾಸಾಯನಿಕಗಳಿಂದ ತಯಾರಿಸಿದ ಸಾರಜನಕಕ್ಕಿಂತ ಶೇ ಅರ್ಧದಷ್ಟು ಭಾರವಿದೆ ಎಂಬ ಸಣ್ಣ ವ್ಯತ್ಯಾಸವನ್ನು ಬೆನ್ನು ಹತ್ತಿಯೇ ಲಾರ್ಡ್ ರೇಲಿ ಮತ್ತು ವಿಲಿಯಂ ರ‍್ಯಾಮ್ಸೆ 1894ರಲ್ಲಿ ಈ ಅನಿಲವನ್ನು ಪತ್ತೆ ಮಾಡಿದ್ದು. ಅಂದಹಾಗೆ, ಗಾಳಿಯಲ್ಲಿರುವ ಆರ್ಗಾನಿನ ಬಹುಪಾಲು ಶಿಲೆಗಳಲ್ಲಿರುವ ಪೊಟ್ಯಾಸಿಯಂ-40 ಕ್ಷಯಿಸಿ ಹುಟ್ಟಿದ್ದು. ಲಾಲ್‌ಬಾಗಿನ ಬಂಡೆಯೂ ನಮ್ಮ ಶೆಡ್ಡಿನ ಕೆಳಗಿನ ಕಲ್ಲೂ ಆ ಕೆಲಸವನ್ನು ಇಂದಿಗೂ ನಡೆಸುತ್ತಿವೆ.

ಪ್ರಮಾಣದಲ್ಲಿ ಮೋಸವಿಲ್ಲ. 47 ಲೀಟರಿನ ಸಿಲಿಂಡರಿನಲ್ಲಿ 150 ಕೆಜಿ ಒತ್ತಡಕ್ಕೆ ಸುಮಾರು 7 ಘನ ಮೀಟರ್ ಅನಿಲ ಹಿಡಿಯುತ್ತದೆ. ಫ್ಲೋ ಮೀಟರನ್ನು ನಿಮಿಷಕ್ಕೆ 10 ಲೀಟರಿಗೆ ಇಟ್ಟರೆ ಹನ್ನೊಂದು ಗಂಟೆಗೂ ಮೀರಿ ಚಾಪ ಉರಿಸಬಹುದು. ಡಿಸೆಂಬರಿನ ಬೆಳಗ್ಗೆ ಮುಳ್ಳು 142 ತೋರಿಸಿತೆಂದು ಡೆಲಿವರಿ ಹುಡುಗರ ಮೇಲೆ ರೇಗುವವರನ್ನು ನೋಡಿದ್ದೇನೆ. ತಾಪಮಾನ 15 ಡಿಗ್ರಿ ಇಳಿದರೆ ಒತ್ತಡ ಶೇ 5ರಷ್ಟು ಇಳಿಯುವುದು ಸಹಜ. ಆದರೆ ಸಿಲಿಂಡರಿಗೆ ತೇವ ಹೋಗದಿರಲಿ ಎಂದು ಪೂರ್ತಿ ಖಾಲಿ ಮಾಡದೆ ನಾವು ಉಳಿಸಿ ಹಿಂದಿರುಗಿಸುವ ಅನಿಲಕ್ಕೆ ಬಿಲ್ಲಿನಲ್ಲಿ ಯಾವ ವಿನಾಯಿತಿಯೂ ಇಲ್ಲ. ಅದು ನನಗೆ ಸರಿ ಕಾಣುವುದಿಲ್ಲ.

ವಿತರಣೆಯಲ್ಲಿ ದೂರುಗಳಿವೆ. ಶನಿವಾರ ಮಧ್ಯಾಹ್ನದ ನಂತರ ಫೋನು ಎತ್ತುವವರಿಲ್ಲ. ವಾಲ್ವಿನ ರಕ್ಷಣಾ ಕ್ಯಾಪ್ ಇಲ್ಲದೆಯೇ ಸಿಲಿಂಡರನ್ನು ಟೆಂಪೋದಿಂದ ಇಳಿಸಿ ಉರುಳಿಸಿಕೊಂಡು ಬರುತ್ತಾರೆ. 150 ಕೆಜಿ ಒತ್ತಡವಿರುವ ಪಾತ್ರೆಯ ವಾಲ್ವ್ ಮುರಿದರೆ ಆಗುವ ಅನಾಹುತ ಅವರಿಗೆ ತಿಳಿಯದ್ದೇನಲ್ಲ. ಸಿಲಿಂಡರಿನ ಭುಜದ ಮೇಲೆ ಕೆತ್ತಿರುವ ಪರೀಕ್ಷಾ ದಿನಾಂಕವನ್ನು, ಐದು ವರ್ಷ ದಾಟಿಲ್ಲ ಎಂಬುದನ್ನು, ನಾವೇ ನೋಡಿಕೊಳ್ಳಬೇಕು. ಶುದ್ಧತೆಯ ಸರ್ಟಿಫಿಕೇಟ್ ಕೇಳಿದರೆ ತಕರಾರಿಲ್ಲದೆ ಕಳುಹಿಸುತ್ತಾರೆ, ಆದರೆ ತಾವಾಗಿ ಕೊಡುವುದಿಲ್ಲ. ಡೈರಿಯವರ ಪೈಪ್‌ಲೈನ್ ಕೆಲಸ ಮಾಡುವವರು ಆರ್ಡರ್ ಕೊಡುವಾಗಲೇ ಅದನ್ನು ಬರೆಸಿಕೊಳ್ಳುವುದು ಒಳ್ಳೆಯದು.

ಹಾಲಿನ ಪೈಪುಗಳಿಗೆ ಒಳಗಿನಿಂದಲೂ ಆರ್ಗಾನ್ ಹಾಯಿಸಬೇಕು. ಹಾಗೆ ಮಾಡದಿದ್ದರೆ ಹೊರಗೆ ಎಷ್ಟೇ ಅಂದವಾಗಿ ಬೆಸೆದರೂ ಒಳಮೈ ಕಪ್ಪು ಸಕ್ಕರೆ ಹರಳಿನಂತೆ ಒರಟಾಗಿ, ಅಲ್ಲಿ ಹಾಲಿನ ಪಸೆ ಕೂತು, ಕ್ರಮೇಣ ತುಕ್ಕೂ ಹಿಡಿಯುತ್ತದೆ. ಆರ್ಗಾನ್ ಭಾರವಾದ್ದರಿಂದ ಕೆಳಗಿನಿಂದ ತುಂಬಿಸಿ ಮೇಲಿನ ರಂಧ್ರದಿಂದ ಗಾಳಿಯನ್ನು ಹೊರಡಿಸುವುದು ಕ್ರಮ. ಇದೇ ಗುಣ ಸಂಪು, ಟ್ಯಾಂಕುಗಳ ಒಳಗೆ ಇಳಿದು ಕೆಲಸ ಮಾಡುವವರಿಗೆ ಪ್ರಾಣಾಪಾಯ ತರಬಲ್ಲದು: ಬಣ್ಣವಿಲ್ಲ, ವಾಸನೆಯಿಲ್ಲ, ತಳದಲ್ಲಿ ನಿಂತು ಆಮ್ಲಜನಕವನ್ನು ಹೊರಗಟ್ಟುತ್ತದೆ, ಉಸಿರುಗಟ್ಟುವ ಮುನ್ಸೂಚನೆಯೂ ಸಿಗುವುದಿಲ್ಲ. ಏಜೆನ್ಸಿಯವರು ಸಿಲಿಂಡರಿನ ಮೇಲೆ ಈ ಎಚ್ಚರಿಕೆಯನ್ನು ಕನ್ನಡದಲ್ಲಿ ಅಂಟಿಸಿದರೆ ಖರ್ಚೇನೂ ಆಗದು.

ಅಪಾರ್ಟ್‌ಮೆಂಟಿನ ರೇಲಿಂಗ್‌ನಂಥ ಸೈಟ್ ಕೆಲಸಕ್ಕೆ 10 ಲೀಟರಿನ ಸಣ್ಣ ಸಿಲಿಂಡರೂ ಇವರಲ್ಲಿ ಸಿಗುತ್ತದೆ. ಲಿಫ್ಟಿನಲ್ಲಿ ಒಯ್ಯಲು ಅನುಕೂಲ, ಆದರೆ ಘನ ಮೀಟರಿನ ಲೆಕ್ಕದಲ್ಲಿ ದೊಡ್ಡದಕ್ಕಿಂತ ದುಬಾರಿ. ನಿಮಿಷಕ್ಕೆ 8 ಲೀಟರಿನಂತೆ ಹರಿಸಿದರೂ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಮೇಲಿನ ಮಹಡಿಗಳ ಗಾಳಿಗೆ ಹೊದಿಕೆ ಚದುರುವುದರಿಂದ ಹರಿವು ಹೆಚ್ಚಿಸಬೇಕಾಗಿ ಬಂದರೆ ಅಷ್ಟೂ ಬಾಳುವುದಿಲ್ಲ. ಹರಿವು ಹೆಚ್ಚಿಸುವ ಬದಲು ಸುತ್ತ ಒಂದು ಟಾರ್ಪಾಲು ಕಟ್ಟಿಕೊಳ್ಳುವುದು ಅಗ್ಗ.