ಹಳೆ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್: ಪೆನ್‌ಡ್ರೈವ್ ವಿಷಯ ಒಂದು ಬಿಟ್ಟರೆ ಆರಾಮ

ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ತಂತ್ರಾಂಶ ಲಿನಕ್ಸ್. ಹಗುರ, ಪುಕ್ಕಟೆ. ಕಾಸರಗೋಡಿನ ಶಾಲಾ ಮಕ್ಕಳಿಗಂತೂ ಪರಿಚಯ ಮಾಡಿಸಬೇಕಾಗಿಲ್ಲ, ಅವರ ಲ್ಯಾಬಿನಲ್ಲಿರುವುದೇ ಅದು. ನನ್ನ ತಕರಾರು ಪೆನ್‌ಡ್ರೈವಿಗೆ ಕಾಪಿ ಮಾಡುವ ವಿಷಯದಲ್ಲಿ ಮಾತ್ರ.

ಬದಿಯಡ್ಕ, ಪೆರ್ಲ ಕಡೆ ತಾಳಮದ್ದಳೆ ಇದ್ದರೆ ನಾನು ರೆಕಾರ್ಡ್ ಮಾಡುತ್ತೇನೆ. ಮರುದಿನ ಬೆಳಿಗ್ಗೆ ಚಹಾ ಪಕ್ಕದಲ್ಲಿಟ್ಟು, ಹೆಡ್‌ಫೋನ್ ಹಾಕಿ ಕೂರುತ್ತೇನೆ. ನಡುನಡುವಿನ ಕೆಮ್ಮು, ಮೈಕಿನ ಕಿರಿಕಿರಿ ಕತ್ತರಿಸುತ್ತೇನೆ. ಮದ್ದಳೆಯ ಶ್ರುತಿ ಹೊಂದಿಸುವ ಸದ್ದು ಮಾತ್ರ ಬಿಡುತ್ತೇನೆ, ನನಗದು ಇಷ್ಟ. ಆಮೇಲೆ ಹಿರಿಯರು ಕೊಟ್ಟ ಪೆನ್‌ಡ್ರೈವ್‌ಗಳ ಸರದಿ. ಒಂದು ಗಂಟೆಯ ವೇವ್ ಫೈಲ್ (ಕುಗ್ಗಿಸದ ಧ್ವನಿ) ಅಂದರೆ ಸುಮಾರು 600 ಎಂಬಿ. ಕಾಪಿ ಕೊಟ್ಟರೆ ಎಷ್ಟಾಯಿತೆಂದು ತೋರಿಸುವ ಪಟ್ಟಿ ಸರ್ರನೆ ಓಡಿ ಮುಗಿಯುತ್ತದೆ. ಡ್ರೈವಿನ ದೀಪ ಮಾತ್ರ ಮಿನುಗುತ್ತಲೇ ಇರುತ್ತದೆ!

ನೆರೆಮನೆಯ ಮಾವ "ಆಯ್ತಲ್ಲ" ಎಂದು ಕಿತ್ತುಕೊಂಡು ಹೋದರು. ಸಂಜೆ ಫೋನ್ ಬಂತು. "ಏನು ಮಾರಾಯ, ಕರ್ಣ ಬಾಯಿ ತೆರೆಯುವ ಮೊದಲೇ ನಿಂತಿತು!"

ಆಗುವುದಿಷ್ಟು: ಬರೆಯಬೇಕಾದದ್ದನ್ನು ಕರ್ನಲ್ (ಲಿನಕ್ಸಿನ ತಿರುಳು) ಮೊದಲು ರ‍್ಯಾಮಿನಲ್ಲಿ ಇಟ್ಟುಕೊಳ್ಳುತ್ತದೆ. 30 ಸೆಕೆಂಡಿಗಿಂತ ಹಳೆಯದಾದರೆ ಡ್ರೈವಿಗೆ ಕಳಿಸಬೇಕು ಅನ್ನುವುದು ಸಾಮಾನ್ಯ ಸೆಟ್ಟಿಂಗ್. ಡ್ರೈವ್ ನಿಧಾನದ್ದಾದರೆ ಇನ್ನೂ ಕೆಲವು ನಿಮಿಷ ಬೇಕು. ನಡುವೆ ಎಳೆದರೆ ಬಾಕಿ ಉಳಿದದ್ದು ಹೋಯಿತು. ಕರ್ನಲ್ ತನ್ನ ಆಗುಹೋಗು ಬರೆದಿಡುವ ಲಾಗಿನಲ್ಲಿ 'ಲಾಸ್ಟ್ ಅಸಿಂಕ್ ಪೇಜ್ ರೈಟ್', ಅಂದರೆ ಬರೆಯಬೇಕಾದದ್ದು ಕಳೆದುಹೋಯಿತು, ಎಂದು ಬರುತ್ತದೆ. ಲಾಗನ್ನು ಮಾವ ಓದುತ್ತಾರಾ? ವಿಂಡೋಸ್ 10ರಲ್ಲಿ 2018ರ 1809 ಆವೃತ್ತಿಯಿಂದ 'ಕ್ವಿಕ್ ರಿಮೂವಲ್' (ಡ್ರೈವನ್ನು ಬೇಗ ತೆಗೆಯಲು ಅನುಕೂಲವಾದ ಸೆಟ್ಟಿಂಗ್) ತಾನಾಗಿಯೇ ಇರುತ್ತದೆ. ಬರಹವನ್ನು ಹಾಗೆ ಹಿಡಿದಿಡುವುದಿಲ್ಲ. ಕಾಪಿ ನಿಧಾನ, ಆದರೆ ಪಟ್ಟಿಯನ್ನು ಹೆಚ್ಚುಕಡಿಮೆ ನಂಬಬಹುದು.

ಸಿಟ್ಟಿನಲ್ಲಿ ವಿಂಡೋಸಿಗೇ ಮರಳೋಣ ಎಂದುಕೊಂಡೆ. ಆದರೆ ಲಿನಕ್ಸ್ ಹೀಗೆ ಹಿಡಿದಿಡುವುದರಿಂದಲೇ ಎಡಿಟ್ ಮಾಡುವಾಗ ಸೇವ್ ಕೊಟ್ಟ ಕೂಡಲೇ ಮುಂದಿನ ಕೆಲಸಕ್ಕೆ ಹೋಗಬಹುದು. ಹಳೆ ಹಾರ್ಡ್‌ಡಿಸ್ಕಿನಲ್ಲಿ ಅದು ಸಣ್ಣ ಸುಖವಲ್ಲ. ಈಗ ಪೆನ್‌ಡ್ರೈವಿಗೆ ಕಾಪಿ ಮಾಡುವಾಗ ಮಾತ್ರ, ಬರೆಯದೆ ಎಷ್ಟು ಹಿಡಿದಿಡಬಹುದು ಎಂದು ಹೇಳುವ 'ಡರ್ಟಿ ಬೈಟ್ಸ್' ಎಂಬ ಸೆಟ್ಟಿಂಗನ್ನು ಕೆಲವೇ ಎಂಬಿಗೆ ಇಳಿಸುತ್ತೇನೆ. ರ‍್ಯಾಮಿನಲ್ಲಿ ಬಾಕಿ ಜಾಸ್ತಿ ನಿಲ್ಲುವುದಿಲ್ಲ, ಪಟ್ಟಿ ಆಮೆ ನಡಿಗೆಯಲ್ಲಿ ಹೋಗುತ್ತದೆ, ಬರೆದಷ್ಟೇ ತೋರಿಸುತ್ತದೆ. ಉಳಿದದ್ದಕ್ಕೆ ಇಜೆಕ್ಟ್ ಇದೆ. ಒತ್ತಿದರೆ ಎಲ್ಲ ಬರೆದು ಮುಗಿಸಿಯೇ 'ತೆಗೆಯಬಹುದು' ಎನ್ನುತ್ತದೆ. ಆ ಮಾತು ಈವರೆಗೆ ತಪ್ಪಿಲ್ಲ.

ಹೊಸ ಲ್ಯಾಪ್‌ಟಾಪಿಗೆ ದುಡ್ಡಿಲ್ಲ, ಹಾಗಾಗಿ ನನಗೆ ಇದೇ ಸಾಕು. ಐದರಲ್ಲಿ ನಾಲ್ಕು. ಕಾಪಿ ಕಿಟಕಿಯಲ್ಲೇ 'ಇನ್ನೂ ಬರೆಯುತ್ತಿದೆ' ಎಂದು ಒಂದು ಸಾಲು ಹಾಕಿದ್ದರೆ ಐದೂ ಕೊಡುತ್ತಿದ್ದೆ.